ಪಂಪ್‌ಹೌಸಿನ ಕಡೆಗೆ ಹೆಜ್ಜೆಗುರುತು

ಹೊಳೆ ಬಳಸಿಕೊಂಡು ತಿರುಗುವ ಜಾಗದಲ್ಲಿ ಒಂದು ಗಾಲ್ಫ್ ಮೈದಾನ. ಮೈದಾನದ ಅಂಚಿಗೆ ಒಂದು ಹೆಂಚಿನ ಮನೆ. ಆ ಮನೆಯಲ್ಲಿದ್ದವರು ಗುರು ಕುಟ್ಟಪ್ಪನವರು.

ಗಾಲ್ಫ್ ಕಲಿಸೋರೂ ಗುರುಗಳೇನ್ರೀ ಅಂತ ಮೂಗು ಮುರಿಯಬೇಡಿ. ಮಂತ್ರ ಹೇಳಿಕೊಟ್ಟವರು ಮಾತ್ರ ಗುರುಗಳೇ? ಈ ಮನುಷ್ಯ ಶಿಷ್ಯರನ್ನು ಮನೆಯಲ್ಲೇ ಇಟ್ಟುಕೊಂಡು, ಅನ್ನ ಹಾಕಿ, ಕೋಳಿ ಕೂಗೋ ಹೊತ್ತಿಗೆ ಎಬ್ಬಿಸಿ ಕಲಿಸುತ್ತಿದ್ದರು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಮುಖ ನೋಡಿ ಸುಮ್ಮನಾಗುತ್ತಿದ್ದರು. ಅದರ ಬದಲು ನಾಲ್ಕು ಬೈದಿದ್ದರೆ ವಾಸಿ ಇತ್ತು ಅಂತ ಶಿಷ್ಯರೇ ಗೊಣಗಿಕೊಳ್ಳುತ್ತಿದ್ದರು.

ಆಗ ಇದ್ದ ಶಿಷ್ಯರು ಇಬ್ಬರೇ. ಒಬ್ಬ ವಸುಪಾಲ, ಇನ್ನೊಬ್ಬಳು ನೀಲಾಂಬಿಕೆ.

ವಸುಪಾಲನ ಹೊಡೆತ ಚೆಂದವೋ ಚೆಂದ. ಚೆಂಡು ಬೀಳಬೇಕಾದ ಗುಳಿ ದೂರ ಇರುವ ತನಕ ಅವನನ್ನು ಹಿಡಿಯೋರೇ ಇಲ್ಲ. ಆದರೆ ಗ್ರೀನ್ ಹತ್ತಿರ ಬಂತೋ, ಅಂದರೆ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು ಕಣ್ಣಿಗೆ ಬಿತ್ತೋ, ಅಂಗೈ ಬೆವರುತ್ತಿತ್ತು. ಸೋತರೆ ಏನು ಗತಿ ಅನ್ನೋ ಭಯ. ಪಾಪ, ಅದು ಅವನ ಜೊತೆಗೇ ಹುಟ್ಟಿದ್ದು.

ಆ ಭಯಕ್ಕೆ ಅವನೇ ಒಂದು ಮದ್ದು ಹುಡುಕಿಕೊಂಡಿದ್ದ. ಆಟದ ಕಾನೂನು ಪುಸ್ತಕವನ್ನು ಮೊದಲಿಂದ ಕೊನೆತನಕ ಬಾಯಿಪಾಠ ಮಾಡಿದ್ದ.

ಚೆಂಡು ಕೆಟ್ಟ ಜಾಗದಲ್ಲಿ ಬಿದ್ದರೆ ಸಾಕು, ಅವನ ಕಣ್ಣು ಸುತ್ತಮುತ್ತ ಹುಡುಕುತ್ತಿತ್ತು. ನೀರು ಚಿಮ್ಮಿಸುವ ಪೈಪಿನ ಮುಚ್ಚಳ ಕಾಲಿಗೆ ಅಡ್ಡ ಬರುತ್ತದಾ? ಹಾಗಾದರೆ ಚೆಂಡು ಎತ್ತಿ ಪಕ್ಕಕ್ಕೆ ಬಿಡಬಹುದು. ಮನುಷ್ಯ ಕಟ್ಟಿದ ಅಡ್ಡಿಗೆ ವಿನಾಯಿತಿ ಉಂಟು, ದಂಡ ಇಲ್ಲ.

ಒಂದು ದಿನ ಗುರುಗಳು ಕೇಳಿದರು. "ಏನಪ್ಪಾ, ಇದನ್ನೆಲ್ಲ ಯಾಕೆ ಉರು ಹೊಡೀತಿದ್ದೀಯ?"

"ತಪ್ಪಾಗಬಾರದಲ್ಲ ಗುರುಗಳೇ."

"ತಪ್ಪಾಗಬಾರದು ಅಂತಲೋ? ತಪ್ಪಿಸಿಕೊಳ್ಳಬೇಕು ಅಂತಲೋ?"

ವಸುಪಾಲ ನಕ್ಕ. ಗುರುಗಳು ನಗಲಿಲ್ಲ.

ನೀಲಾಂಬಿಕೆ ಪುಸ್ತಕ ಮುಟ್ಟಿದವಳೇ ಅಲ್ಲ. "ನಂಗ್ಯಾಕೋ ಪುಸ್ತಕ? ನೀನಿದ್ದೀಯಲ್ಲ" ಅಂತ ವಸುಪಾಲನಿಗೇ ಹೇಳುತ್ತಿದ್ದಳು. ಅನುಮಾನ ಬಂದರೆ ಅವನನ್ನೇ ಕರೆದು ಕೇಳುವುದು, ಅವನು ಹೇಳಿದ ಹಾಗೆ ಆಡುವುದು. ಅವನೂ ಹೇಳುತ್ತಿದ್ದ. ಅಲ್ಲಿಯವರೆಗೆ ಒಂದು ಸಲವೂ ತಪ್ಪು ಹೇಳಿರಲಿಲ್ಲ.

ಆ ಬೇಸಿಗೆಯಲ್ಲಿ ರಾಜ್ಯದ ಪಂದ್ಯಕ್ಕೆ ಗುರುಗಳು ಒಬ್ಬರನ್ನು ಕಳಿಸಬೇಕಿತ್ತು.

"ಇಬ್ಬರೂ ಆಡಿ" ಅಂದರು. "ಗೆದ್ದವರು ಹೋಗಿ."

ಮುಗಿಯಿತು, ಅಷ್ಟೇ ಮಾತು. ಗುರುಗಳು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಉಳಿದರು. ಶಿಷ್ಯರು ಚೀಲ ಹೊತ್ತುಕೊಂಡು ಮೈದಾನಕ್ಕಿಳಿದರು. ಗಾಲ್ಫಿನಲ್ಲಿ ತೀರ್ಪು ಕೊಡೋರು ಯಾರೂ ಹಿಂದೆ ಬರೋದಿಲ್ಲ, ತನ್ನ ತಪ್ಪನ್ನು ಆಡುವವನೇ ಹೇಳಿಕೊಳ್ಳಬೇಕು.

ಬೆಳಗಿನ ಆಟ ಸರಿಸಮನಾಗಿ ಸಾಗಿತು. ಅವಳೊಂದು ಗುಳಿ ಗೆದ್ದರೆ ಇವನೊಂದು. ಕೊನೆಯ ಗುಳಿಗೆ ಬರುವಾಗ ಇಬ್ಬರೂ ಸಮ. ಇನ್ನು ಇದೊಂದು ಯಾರದೋ ಅವರದೇ ಪಂದ್ಯ.

ವಸುಪಾಲನ ಚೆಂಡು ಗ್ರೀನಿನ ಅಂಚಿಗೆ ಬಂದು, ಒಂದು ಮಾರು ಹೊರಗೆ ನಿಂತಿತು. ಬೆಳಿಗ್ಗೆ ತಾನೇ ಮಾಲಿಗಳು ಅಲ್ಲಿ ನೀರು ಬಿಟ್ಟಿದ್ದರು, ನೆಲ ಹಸಿಹಸಿ ಇತ್ತು.

ನೀಲಾಂಬಿಕೆಯ ಚೆಂಡು ಆಚೆ ಬದಿಯ ಬಸರಿ ಮರದ ಕೆಳಗೆ ಹೋಯಿತು.

ಬಸರಿ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಮೊರದಗಲದ ತಟ್ಟಿ, ಕರ್ರಗೆ ಜೋತು ಬಿದ್ದಿತ್ತು. ಬಿಸಿಲಿಗೆ ಅದರ ಮೇಲಿನ ಹುಳುಗಳೆಲ್ಲ ಒಂದೇ ಸಲ ಅಲುಗಿದರೆ ನೋಡಿದವರ ಮೈ ಜುಂ ಅನ್ನುತ್ತಿತ್ತು. ಮಾಲಿಗಳು ಆ ಮರದ ಹತ್ತಿರ ಬಂದರೆ ಬೀಡಿ ಕೂಡ ಹಚ್ಚುತ್ತಿರಲಿಲ್ಲ.

"ಲೋ ವಸು, ಸ್ವಲ್ಪ ಬಾರೋ ಇಲ್ಲಿ."

ವಸುಪಾಲ ಹೋದ. ಮರದ ನೆರಳಿನ ಹೊರಗೇ ನಿಂತ.

"ಮೇಲೆ ನೋಡು" ಅಂದಳು. ದನಿ ತಗ್ಗಿತ್ತು. ತಟ್ಟಿಯ ಕಡೆ ಬೆರಳು ತೋರಿಸಿದಳು. "ಕೋಲು ಬೀಸಿದರೆ ಈ ಕೊಂಬೆಗೆ ತಗುಲುತ್ತೆ ಕಣೋ. ನಂಗೆ ಭಯ ಆಗ್ತಿದೆ. ಚೆಂಡು ಎತ್ತಿ ಆಚೆ ಬಿಟ್ಟುಕೊಳ್ಳೋ ಹಾಗೆ ಏನಾದ್ರೂ ಇದೆಯಾ ನಿನ್ನ ಪುಸ್ತಕದಲ್ಲಿ?"

ಇತ್ತು.

ಆ ಪುಟ ವಸುಪಾಲನ ಕಣ್ಣ ಮುಂದೆ ಬಂದು ನಿಂತಿತು. ಹಾವು, ಜೇನು, ಕಣಜ, ಜೀವಕ್ಕೆ ಅಪಾಯ ತರುವ ಯಾವುದೇ ಪ್ರಾಣಿ ಹತ್ತಿರ ಇದ್ದರೆ ಆಟಗಾರ ಚೆಂಡು ಎತ್ತಬಹುದು. ಅಪಾಯವಿಲ್ಲದ ಜಾಗದಲ್ಲಿ, ಗುಳಿಗೆ ಹತ್ತಿರವಾಗದ ಹಾಗೆ ಬಿಡಬಹುದು. ದಂಡ ಇಲ್ಲ.

ಆ ಕಡೆಯಿಂದ ಈಚೆ ಬಂದುಬಿಟ್ಟರೆ ಅವಳ ದಾರಿ ಸಲೀಸು. ಅವಳು ಗೆದ್ದ ಹಾಗೇ ಲೆಕ್ಕ. ಅವನ ಅಂಗೈ ಒದ್ದೆಯಾಯಿತು.

"ನಂಗೊತ್ತಿಲ್ಲ" ಅನ್ನಬಹುದಿತ್ತು. ಅದನ್ನಾದರೂ ಅಂದನೇ? ಇಲ್ಲ.

"ಮರ ಯಾರೂ ಕಟ್ಟಿದ್ದಲ್ಲ ನೀಲಾ. ಮರ ಅಡ್ಡ ಬಂದರೆ ವಿನಾಯಿತಿ ಇಲ್ಲ. ಎತ್ತಲೇಬೇಕು ಅಂದರೆ ಒಂದು ಹೊಡೆತ ದಂಡ ಕೊಟ್ಟು ಎತ್ತಬೇಕು."

ಒಂದಕ್ಷರ ಸುಳ್ಳಿಲ್ಲ ನೋಡಿ. ಮರದ ಕಾನೂನು ಅದೇ. ಅವಳು ಬೆರಳು ತೋರಿಸಿದ್ದು ಮಾತ್ರ ಮರಕ್ಕಲ್ಲ.

"ದಂಡ ಕೊಟ್ಟರೆ ಸೋತ ಹಾಗೇ" ಅಂದಳು ನೀಲಾಂಬಿಕೆ. ಒಂದು ಗಳಿಗೆ ಮೇಲೆ ನೋಡಿದಳು. "ಸರಿ ಬಿಡು. ನೀನು ಹೇಳಿದ ಮೇಲೆ ಮುಗೀತು. ಮೆಲ್ಲಗೆ ಹೊಡೆದು ಬಂದುಬಿಡ್ತೀನಿ."

ವಸುಪಾಲ ತಿರುಗಿ ತನ್ನ ಚೆಂಡಿನ ಕಡೆ ಹೊರಟ. ಇನ್ನೂ ಹೊತ್ತಿತ್ತು. ಒಂದು ಕೂಗು ಕೂಗಿದ್ದರೆ ಸಾಕಿತ್ತು. ಈಗ ಕೂಗಲಾ, ಈಗ ಕೂಗಲಾ ಅಂದುಕೊಳ್ಳುತ್ತಲೇ ಗ್ರೀನಿನ ಅಂಚು ತಲುಪಿದ.

ಹಿಂದೆ ಕೋಲು ಬೀಸಿದ ಸದ್ದು. ಅದರ ಹಿಂದೆಯೇ ಕೊಂಬೆಗೆ ಟಪ್ ಅಂತ ಬಡಿದ ಸದ್ದು.

ಚೆಂಡು ಎತ್ತರಕ್ಕೆ ಹಾರಿ ಬಂದು ಗ್ರೀನಿನ ಮೇಲೆ ಧೊಪ್ ಅಂತ ಬಿತ್ತು. ಆಹಾ, ಎಂಥ ಹೊಡೆತ! ಬಿದ್ದ ಜಾಗದಲ್ಲಿ ತಗ್ಗು ಮಾಡಿ, ಉರುಳಿ, ಗುಳಿಯಲ್ಲಿ ನೆಟ್ಟ ಬಾವುಟದ ಹತ್ತಿರ ನಿಂತಿತು.

ಆಮೇಲೆ ಒಂದು ಗಳಿಗೆ ಏನೂ ಇಲ್ಲ.

ಆಮೇಲೆ ಜೇನು ಎದ್ದಿತು.

ಮೊದಲು ಸದ್ದು ಬಂತು. ಮರದ ಕೆಳಗೆ ಕತ್ತಲೆ ಬಿದ್ದ ಹಾಗಾಯಿತು. ಆ ಕತ್ತಲೆಯೊಳಗಿಂದ ನೀಲಾಂಬಿಕೆ ಹೊರಗೆ ಓಡಿ ಬಂದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಕೈಯ ಮೇಲೆ, ಕತ್ತಿನ ಮೇಲೆ, ತಲೆಯ ಮೇಲೆ ಹುಳುಗಳೇ ಕಾಣುತ್ತಿದ್ದವು.

"ವಸೂ, ಓಡೋ! ಒಳಗೆ ಹೋಗೋ!"

ಅಂಥಾ ಹೊತ್ತಿನಲ್ಲೂ ಅವಳು ಕೂಗಿದ್ದು ಅದನ್ನು.

ವಸುಪಾಲ ಓಡಿದ. ಅವಳ ಕಡೆಗಲ್ಲ. ಮರಕ್ಕೂ ಹೊಳೆಗೂ ದೂರವಾಗಿ, ಗ್ರೀನಿನ ಇನ್ನೊಂದು ಪಕ್ಕದಲ್ಲಿ ಪಂಪ್‌ಹೌಸ್ ಇತ್ತು. ಅದರೊಳಗೆ ನುಗ್ಗಿ ತಗಡಿನ ಬಾಗಿಲು ಎಳೆದು ಚಿಲಕ ಹಾಕಿದ.

ಒಳಗೆ ಡೀಸೆಲ್ ವಾಸನೆ. ಹೊರಗಿನಿಂದ ಹುಳುಗಳು ತಗಡಿಗೆ ಟಣ್ ಟಣ್ ಅಂತ ಬಡಿಯುತ್ತಿದ್ದವು. ದೂರದಲ್ಲಿ ಹೊಳೆಯ ಕಡೆಯಿಂದ ನೀಲಾಂಬಿಕೆ ಅಮ್ಮಾ ಅಮ್ಮಾ ಅನ್ನುತ್ತಿದ್ದಳು. ವಸುಪಾಲ ಎರಡೂ ಕಿವಿ ಮುಚ್ಚಿಕೊಂಡ. ಮುಚ್ಚಿಕೊಂಡರೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿಸಲಿಲ್ಲ. ಅದು ಇನ್ನೂ ಭಯವಾಯಿತು.

ಆಮೇಲೆ ಗುರುಗಳ ದನಿ. ಮಾಲಿಗಳ ದನಿ. "ಹೊಗೆ ಹಾಕ್ರೋ! ತರಗು ತನ್ನಿ! ಕಂಬಳಿ ಎಲ್ಲಿ?"

ಚಿಲಕ ತೆಗೆಯಲು ವಸುಪಾಲ ಕೈ ಚಾಚಿದ. ಕೈ ಚಿಲಕದ ತನಕ ಹೋಗಲೇ ಇಲ್ಲ.

ಅವನು ಹೊರಗೆ ಬಂದಾಗ ಹೊಗೆ ತಿಳಿಯಾಗಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ನೀಲಾಂಬಿಕೆಯನ್ನು ಕಂಬಳಿ ಸುತ್ತಿ ಮಲಗಿಸಿದ್ದರು. ಮುಖ ಗುರುತೇ ಸಿಗುತ್ತಿರಲಿಲ್ಲ. ಕಣ್ಣಿದ್ದ ಜಾಗದಲ್ಲಿ ಬರೀ ಗೆರೆ. ಉಸಿರು ಎಳೆಯುವಾಗ ಸಿಳ್ಳೆಯ ಸದ್ದು ಬರುತ್ತಿತ್ತು.

ಗುರುಗಳ ಎಡಗಣ್ಣೂ ಬಾತುಕೊಂಡಿತ್ತು. ಇನ್ನೊಂದು ಕಣ್ಣಿನಲ್ಲಿ ವಸುಪಾಲನನ್ನು ನೋಡಿದರು.

"ನಿಂಗೇನೂ ಆಗಿಲ್ಲ ತಾನೇ?"

"ಇಲ್ಲ ಗುರುಗಳೇ."

"ಸರಿ. ಮನೆಯಲ್ಲಿರು."

ಜೀಪು ಹೋಯಿತು.

ವಸುಪಾಲ ಜಗಲಿಯಲ್ಲಿ ಕೂತ. ಗುರುಗಳು ಕುಡಿದು ಬಿಟ್ಟಿದ್ದ ಅರ್ಧ ಲೋಟ ಕಾಫಿ ಅಲ್ಲೇ ಇತ್ತು, ನೊಣ ಮುತ್ತುತ್ತಿತ್ತು. ಓಡಿಸಬೇಕು ಅಂತಲೂ ಅವನಿಗೆ ಅನ್ನಿಸಲಿಲ್ಲ.

ಅವನಿಗಾದ ಭಯವನ್ನು ಇದ್ದದ್ದು ಇದ್ದ ಹಾಗೇ ಹೇಳಬೇಕು, ಮುಚ್ಚಿಟ್ಟು ಏನು ಪ್ರಯೋಜನ? ಅವಳು ಸತ್ತುಹೋದರೆ ಅನ್ನೋ ಭಯ ಇತ್ತು. ಅದು ನಿಜವಾದ ಭಯ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಅವಳು ಎಚ್ಚರಾಗಿ, "ವಸು ಹೊಡಿ ಅಂದ, ಅದಕ್ಕೇ ಹೊಡೆದೆ" ಅಂದರೆ? ಗುರುಗಳಿಗೆ ಆ ಕಾನೂನು ಗೊತ್ತೇ ಇರುತ್ತದೆ. ಒಂದು ಮಾತು ಸಾಕು, ಎಲ್ಲ ಬಯಲಾಗುತ್ತದೆ.

ಅವಳು ಎಚ್ಚರಾಗದೇ ಹೋದರೆ ಬಯಲಾಗುವುದಿಲ್ಲ.

ಈ ಯೋಚನೆ ಬಂದದ್ದೇ ವಸುಪಾಲ ಧಡಕ್ಕನೆ ಎದ್ದು ನಿಂತ. ಯಾರಾದರೂ ಕೇಳಿಸಿಕೊಂಡರೇನೋ ಅನ್ನೋ ಹಾಗೆ ಸುತ್ತ ನೋಡಿದ. ಯಾರೂ ಇರಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಮುಖ ತೊಳೆದ. ಮತ್ತೆ ಬಂದು ಅಲ್ಲೇ ಕೂತ. ತನ್ನನ್ನು ಕಂಡರೇ ಅವನಿಗೆ ಹೆದರಿಕೆಯಾಗತೊಡಗಿತ್ತು.

ಮಧ್ಯಾಹ್ನ ಇಳಿದ ಮೇಲೆ ಗುರುಗಳು ಬಂದರು.

"ಹೇಗಿದ್ದಾಳೆ ಗುರುಗಳೇ?"

"ಡಾಕ್ಟರು ಸಂಜೆ ತನಕ ಏನೂ ಹೇಳೋಕಾಗಲ್ಲ ಅಂದ್ರು."

"ಮಾತಾಡಿದಳಾ?"

ಗುರುಗಳು ಅವನ ಮುಖ ನೋಡಿದರು. "ಇಲ್ಲ."

ವಸುಪಾಲನಿಗೆ ಉಸಿರು ಬಿಟ್ಟ ಹಾಗಾಯಿತು. ಉಸಿರು ಬಿಟ್ಟೆನಲ್ಲಾ ಅಂತ ಮತ್ತೆ ಹೆದರಿದ.

"ನಿನ್ನ ಪಟರ್ ತಗೊಂಡು ಬಾ" ಅಂದರು ಗುರುಗಳು.

"ಯಾಕೆ ಗುರುಗಳೇ?"

"ಆಟ ಮುಗಿದಿಲ್ಲ."

ಪಟರ್ ಅಂದರೆ ಗ್ರೀನಿನ ಹತ್ತಿರ ಚೆಂಡನ್ನು ಉರುಳಿಸುವ ಕೋಲು. ವಸುಪಾಲನಿಗೆ ಆ ಕೋಲು ಅಷ್ಟು ಭಾರ ಅಂತ ಅವತ್ತೇ ಗೊತ್ತಾದದ್ದು. ಬಸರಿ ಮರದ ತಟ್ಟಿಯ ಮೇಲೆ ಜೇನು ಮತ್ತೆ ಕೂತಿತ್ತು. ಅದನ್ನು ನೋಡದೆ ತಲೆ ತಗ್ಗಿಸಿಕೊಂಡು ಗುರುಗಳ ಹಿಂದೆ ನಡೆದ.

ಅವನ ಚೆಂಡು ಬೆಳಿಗ್ಗೆ ನಿಂತ ಜಾಗದಲ್ಲೇ ಇತ್ತು, ಗ್ರೀನಿನಿಂದ ಒಂದು ಮಾರು ಹೊರಗೆ. ನೀಲಾಂಬಿಕೆಯ ಚೆಂಡು ಬಾವುಟದ ಹತ್ತಿರ ಬಿಳಿಯಾಗಿ ಕಾಣುತ್ತಿತ್ತು. ಇನ್ನೊಂದು ಮೆಲ್ಲನೆ ತಟ್ಟಿದ್ದರೆ ಅವಳದು ಮುಗಿಯುತ್ತಿತ್ತು.

"ನಿನ್ನ ಸರದಿ. ಒಂದೇ ಹೊಡೆತಕ್ಕೆ ಗುಳಿಗೆ ಬಿದ್ದರೆ ಪಂದ್ಯ ನಿಂದು, ಇಲ್ಲದಿದ್ದರೆ ಅವಳದು. ಆಡು."

"ಇವತ್ತೇ ಆಡಬೇಕಾ ಗುರುಗಳೇ?"

"ಇವತ್ತೇ."

ವಸುಪಾಲ ದಾರಿ ನೋಡಿದ. ಅವನ ಚೆಂಡಿಗೂ ಬಾವುಟಕ್ಕೂ ನಡುವೆ, ಗ್ರೀನಿನ ಮೇಲೆ, ನೀಲಾಂಬಿಕೆಯ ಚೆಂಡು ಬಿದ್ದು ಮಾಡಿದ ತಗ್ಗು ಇತ್ತು.

"ಅದನ್ನು ಸರಿಮಾಡಬಹುದಾ?" ಗುರುಗಳು ಕೇಳಿದರು.

"ಮಾಡಬಹುದು. ಗ್ರೀನಿನ ಮೇಲಿನ ಗುರುತನ್ನು ಯಾರದ್ದಾದರೂ ಸರಿಮಾಡಬಹುದು."

"ಮಾಡು."

ಜೇಬಿನಿಂದ ಕವಲುಕಡ್ಡಿ ತೆಗೆದು ಹುಲ್ಲನ್ನು ಸುತ್ತಲಿಂದ ಮೆಲ್ಲಗೆ ಒಳಗೆ ಎಳೆದ. ಅಂಗೈಯಲ್ಲಿ ಒತ್ತಿದ. ನೆಲ ಸಮನಾಯಿತು. ಅವಳ ಹೊಡೆತದ ಗುರುತು ಹೋಯಿತು ಅಂತ ಯಾಕೋ ಸಂಕಟವಾಯಿತು.

"ಇನ್ನು ಇಲ್ಲಿ?" ಗುರುಗಳು ಗ್ರೀನಿನ ಹೊರಗಿನ ಹಸಿ ನೆಲ ತೋರಿಸಿದರು.

ಚೆಂಡಿನ ಮುಂದೆಯೇ ನೆಲ ತುಳಿದು ಹಾಳಾಗಿತ್ತು. ಹೆಜ್ಜೆ ಮೇಲೆ ಹೆಜ್ಜೆ.

"ಗ್ರೀನಿನ ಹೊರಗೆ ಹಾಗೆಲ್ಲ ಮುಟ್ಟೋ ಹಾಗಿಲ್ಲ" ಅಂದ ವಸುಪಾಲ. ಬಾಯಿಪಾಠ ತಾನಾಗಿಯೇ ಹೊರಗೆ ಬಂತು. "ಆದರೆ ಚೆಂಡು ಬಂದು ನಿಂತ ಮೇಲೆ ಬೇರೆ ಯಾರಾದರೂ ತುಳಿದು ಕೆಡಿಸಿದ್ದರೆ ಮೊದಲಿದ್ದ ಹಾಗೆ ಮಾಡಿಕೊಳ್ಳಬಹುದು."

"ಬೇರೆಯವರು ತುಳಿದಿದ್ದರೆ."

"ಹೂಂ."

ಗುರುಗಳು ಕುಕ್ಕರಗಾಲಲ್ಲಿ ಕೂತರು. ಬಾತ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇದು ನನ್ನ ಚಪ್ಪಲಿ. ಅಳಿಸು."

ವಸುಪಾಲ ಅಳಿಸಿದ.

"ಇದು ಬರಿಗಾಲು. ಮಾಲಿಗಳದ್ದು. ಅಳಿಸು."

ಅಳಿಸಿದ.

"ಇದು?"

ಮುಳ್ಳಿನ ಅಟ್ಟೆಯ ಶೂ. ಗಾಲ್ಫ್ ಆಡುವವರು ಹಾಕುವ ಶೂ. ಹಿಮ್ಮಡಿ ಆಳಕ್ಕೆ ಹೂತು, ಮುಂಗಾಲು ಮಣ್ಣು ಚಿಮ್ಮಿಸಿಕೊಂಡು ಹೋಗಿತ್ತು. ಆವತ್ತು ಬೆಳಿಗ್ಗೆ ಮೈದಾನದಲ್ಲಿ ಅಂಥ ಶೂ ಹಾಕಿದ್ದವರು ಇಬ್ಬರೇ.

ವಸುಪಾಲ ಹೆಜ್ಜೆಯಿಂದ ಕಣ್ಣು ತೆಗೆದ.

"ನೀಲಾಂದಿರಬೇಕು ಗುರುಗಳೇ."

"ಹೌದಾ?"

"ಓಡಿದಳಲ್ಲ, ಆಗ."

"ಸರಿ" ಅಂದರು ಗುರುಗಳು. "ನೀಲಾಂದಾದರೆ ಅಳಿಸಬಹುದು. ಅಳಿಸು."

ಅಷ್ಟೇ. ಗದರಿದ್ದರೆ ವಸುಪಾಲ ಇನ್ನೊಂದು ಸುಳ್ಳು ಹೇಳಿ ಗೆದ್ದುಬಿಡುತ್ತಿದ್ದನೋ ಏನೋ.

ಮಂಡಿಯೂರಿ ಕೂತ. ಹೆಜ್ಜೆಯ ಮೇಲೆ ಅಂಗೈ ಇಟ್ಟ. ಒತ್ತಿ ಸಮ ಮಾಡಬೇಕು, ಅಷ್ಟೇ ತಾನೇ ಕೆಲಸ?

ಆಗ ಅವನು ನೋಡಿದ. ಗುರುಗಳ ಹೆಜ್ಜೆ ಮರದ ಕಡೆಗಿತ್ತು. ಮಾಲಿಗಳ ಹೆಜ್ಜೆಯೂ ಮರದ ಕಡೆಗೇ ಇತ್ತು. ನೀಲಾ ಓಡಿದ್ದು ಹೊಳೆಯ ಕಡೆಗೆ. ಈ ಹೆಜ್ಜೆ ಮಾತ್ರ ಮರಕ್ಕೆ ಬೆನ್ನು ಹಾಕಿ, ಹೊಳೆಯನ್ನೂ ಬಿಟ್ಟು, ನೆಟ್ಟಗೆ ಪಂಪ್‌ಹೌಸಿನ ಬಾಗಿಲಿಗೆ ಹೋಗಿತ್ತು. ಕಣ್ಣಿದ್ದವರು ಯಾರು ಬೇಕಾದರೂ ಓದಬಹುದಿತ್ತು. ಗುರುಗಳಿಗೆ ಒಂದು ಕಣ್ಣಾದರೂ ತೆರೆದಿತ್ತು.

ತಲೆ ಎತ್ತಿ ನೋಡಿದ. ಗುರುಗಳು ಅವನನ್ನು ನೋಡುತ್ತಿರಲಿಲ್ಲ, ಹೊಳೆ ನೋಡುತ್ತಿದ್ದರು.

ವಸುಪಾಲ ಹೆಜ್ಜೆಯ ಮೇಲಿಂದ ಕೈ ತೆಗೆದ.

"ನಂದು ಗುರುಗಳೇ."

"ಏನು?"

"ಈ ಹೆಜ್ಜೆ. ನೀಲಾಂದಲ್ಲ. ನಂದು."

"ನಿಂದಾದರೆ ಕಾನೂನು ಏನು?"

"ಆಡುವವನೇ ಕೆಡಿಸಿದ್ದನ್ನು ಸರಿಮಾಡಿಕೊಳ್ಳೋ ಹಾಗಿಲ್ಲ. ಅದರ ಮೇಲೇ ಆಡಬೇಕು."

"ಆಡು."

ಎದ್ದು ನಿಂತ. ಹೊಡೆದ. ಚೆಂಡು ಅವನ ಹಿಮ್ಮಡಿಯ ಗುಂಡಿಗೇ ಬಿದ್ದು, ಚಿಮ್ಮಿ, ಪಕ್ಕಕ್ಕೆ ತಿರುಗಿ, ಗುಳಿ ದಾಟಿ ಬಹಳ ದೂರ ಹೋಯಿತು.

ಗುರುಗಳು ಹೋಗಿ ಎರಡೂ ಚೆಂಡು ಎತ್ತಿಕೊಂಡು ಬಂದರು. "ಪಂದ್ಯ ನೀಲಾಂದು. ಆಡಿ ಆಯ್ತಲ್ಲ, ಈಗ ನಿನ್ನ ಹೆಜ್ಜೆ ಸರಿಮಾಡು. ಹಾಗೇ ಬಿಟ್ಟು ಹೋಗಬಾರದು."

ವಸುಪಾಲ ಮತ್ತೆ ಮಂಡಿಯೂರಿದ. ಒಂದೊಂದೇ ಹೆಜ್ಜೆ ಒತ್ತುತ್ತಾ ಪಂಪ್‌ಹೌಸಿನ ತನಕ ಹೋದ. ಕೊನೆಯ ಹೆಜ್ಜೆ ಬಾಗಿಲ ಮುಂದಿತ್ತು. ಅಲ್ಲಿ ಅವನಿಗೆ ತಡೆಯಲಾಗಲಿಲ್ಲ. ಮಣ್ಣು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳ ಅತ್ತ.

"ನಂಗೊತ್ತಿತ್ತು ಗುರುಗಳೇ! ಜೇನಿದ್ದರೆ ಚೆಂಡು ಎತ್ತಬಹುದು ಅಂತ ನಂಗೊತ್ತಿತ್ತು. ಅವಳು ಕೇಳಿದಳು. ಭಯ ಆಗ್ತಿದೆ ಅಂದಳು. ನಾನು ಮರದ ಕಾನೂನು ಹೇಳಿದೆ. ಸೋತು ಹೋಗ್ತೀನಿ ಅಂತ ಹೆದರಿ ಹಾಗೆ ಹೇಳಿದೆ. ಆಮೇಲೆ ಬಾಗಿಲು ಹಾಕಿಕೊಂಡೆ."

ಗುರುಗಳು ನಿಂತೇ ಕೇಳಿಸಿಕೊಂಡರು.

"ಏನಾದರೂ ಹೇಳಿ ಗುರುಗಳೇ. ಬೈಯಿರಿ. ಹೊಡೆಯಿರಿ."

"ಇದನ್ನು ನನಗ್ಯಾಕಪ್ಪಾ ಹೇಳ್ತೀಯ?" ಅಂದರು ಗುರುಗಳು. "ನಿನ್ನ ಮಾತು ನಂಬಿದವಳು ಆಸ್ಪತ್ರೆಯಲ್ಲಿದ್ದಾಳೆ."

ವಸುಪಾಲನ ಅಳು ನಿಂತುಹೋಯಿತು. ಇದಕ್ಕಿಂತ ಏಟೇ ಮೇಲಾಗಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಜೀಪಿನಲ್ಲಿ ಕೂತು, ಒಂದು ಸಲ ವಸುಪಾಲನೇ ಕೇಳಿದ.

"ನಾವು ಹೋಗೋ ಹೊತ್ತಿಗೆ ಅವಳು ಇಲ್ಲದೇ ಹೋದರೆ?"

"ಇಲ್ಲದೇ ಹೋದರೆ ನೀನು ಹೇಳೋದನ್ನ ಕೇಳೋಕೆ ಯಾರೂ ಇರಲ್ಲ."

ವಸುಪಾಲ ಸೀಟಿನ ಅಂಚು ಹಿಡಿದುಕೊಂಡ. ಬೇಗ ಹೋಗಲಿ, ಇನ್ನೂ ಬೇಗ ಹೋಗಲಿ ಅಂತ ಆಗ ಅವನಿಗೆ ಮೊದಲ ಸಲ ಅನ್ನಿಸಿದ್ದು. ಹಾಗೇ, ಈ ದಾರಿ ಮುಗಿಯದೇ ಇರಲಿ ಅಂತಲೂ ಅನ್ನಿಸುತ್ತಿತ್ತು. ಎರಡೂ ನಿಜ.

ಆಸ್ಪತ್ರೆಯ ಬಾಗಿಲಲ್ಲೇ ನರ್ಸಮ್ಮ ಸಿಕ್ಕಿದರು. ಗುರುಗಳು ಹುಬ್ಬು ಎತ್ತಿ ಕೇಳಿದರು.

"ಉಸಿರಾಟ ಸರಿಹೋಯ್ತು. ಗಂಡಾಂತರ ಕಳೀತು ಅಂತಲೇ ಡಾಕ್ಟರು ಹೇಳಿದ್ರು. ಕಣ್ಣು ಬಿಡೋಕೆ ಇನ್ನೂ ಟೈಮ್ ಬೇಕು. ಜಾಸ್ತಿ ಮಾತಾಡಿಸಬೇಡಿ."

ವಸುಪಾಲ ಗೋಡೆ ಹಿಡಿದುಕೊಂಡ. ಸದ್ಯ, ಬದುಕಿದಳು! ಕೈ ಮುಗಿಯಲು ಹೋದ. ಅಷ್ಟರಲ್ಲಿ ನೆನಪಾಯಿತು. ಇನ್ನು ಹೇಳಲೇಬೇಕು.

ಒಳಗೆ ನೀಲಾಂಬಿಕೆ ಮಲಗಿದ್ದಳು. ಮುಖಕ್ಕೆ ಏನೋ ಬಿಳಿ ಮುಲಾಮು ಬಳಿದಿದ್ದರು. ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ತುಟಿ ಊದಿ, ಮಾತು ತೊದಲುತ್ತಿತ್ತು.

"ಯಾರು?"

"ನಾನಮ್ಮ" ಅಂದರು ಗುರುಗಳು. "ವಸು ಬಂದಿದ್ದಾನೆ."

"ವಸೂ!" ಅವಳು ಗಾಳಿಯಲ್ಲಿ ಕೈ ಆಡಿಸಿದಳು. "ನಿಂಗೆ ಕಚ್ಚಲಿಲ್ಲ ತಾನೇ? ಒಳಗೆ ಹೋದೆಯಾ?"

"ಹೂಂ."

"ಸದ್ಯ. ನಿನ್ನ ಮೇಲೂ ಬಿದ್ದವೇನೋ ಅಂತ ನಂಗೆ ಅದೇ ಭಯ." ಉಸಿರು ಎಳೆದುಕೊಂಡಳು. "ನಂದೇ ತಪ್ಪು ಕಣೋ. ಇನ್ನೂ ಸ್ವಲ್ಪ ಬಗ್ಗಿ ಹೊಡೆಯಬೇಕಿತ್ತು. ನೀನು ಪಾಪ ಇದ್ದ ಕಾನೂನು ಹೇಳಿದೆ. ಅದಕ್ಕೆ ನೀನೇನು ಮಾಡೋಕಾಗುತ್ತೆ?"

ವಸುಪಾಲ ಗುರುಗಳ ಕಡೆ ತಿರುಗಿದ.

ಅವಳಿಗೆ ಏನೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಬೆಳಗಿನಿಂದ ಯಾವುದಕ್ಕೆ ಹೆದರಿ ಸತ್ತಿದ್ದನೋ ಅದು ನಡೆಯುವುದೇ ಇಲ್ಲ. ಗುರುಗಳು ತಾವಾಗಿ ಹೇಳುವವರಲ್ಲ, ಅದು ಅವನಿಗೆ ಗೊತ್ತು. ಈಗ ಸುಮ್ಮನೆ ಅವಳ ಕೈ ಹಿಡಿದು, ಬೇಗ ಹುಷಾರಾಗು ಅಂದು ಹೊರಟರೆ ಮುಗಿಯಿತು. ಯಾರೂ ಕೇಳುವುದಿಲ್ಲ.

ಆದರೂ ಭಯ ಕಡಿಮೆಯಾಗಲಿಲ್ಲ. ಆಗಬೇಕಿತ್ತಲ್ಲ, ಯಾಕೆ ಆಗಲಿಲ್ಲ? ಬೆಳಗ್ಗೆಗಿಂತ ಈಗಲೇ ಜಾಸ್ತಿಯಾಯಿತು.

"ವಸು? ಇದ್ದೀಯಾ?"

"ಇದ್ದೀನಿ."

ಗುರುಗಳು ಮೂಲೆಯಲ್ಲಿದ್ದ ಸ್ಟೂಲು ತಂದು ಮಂಚದ ಪಕ್ಕ ಇಟ್ಟರು. ವಸುಪಾಲ ಕೂತ. ಗುರುಗಳು ಬಾಗಿಲ ಕಡೆ ಹೊರಟರು.

ವಸುಪಾಲ ಎದ್ದು ಹಿಂದೆಯೇ ಹೋಗಿ, ಅವರ ತೋಳು ಹಿಡಿದುಕೊಂಡು ಪಿಸುಗುಟ್ಟಿದ.

"ಹೋಗಬೇಡಿ ಗುರುಗಳೇ. ನೀವೂ ಇರಿ. ನೀವು ನೋಡ್ತಾ ಇದ್ದರೆ ನಾನು ಹೇಳಿಬಿಡ್ತೀನಿ."

ಗುರುಗಳು ಮೆಲ್ಲಗೆ ತೋಳು ಬಿಡಿಸಿಕೊಂಡರು. ಬಾಗಿಲು ತೆರೆದರು.

"ನಾನ್ಯಾಕಪ್ಪಾ? ಈ ಆಟಕ್ಕೆ ಅಂಪೈರ್ ಇಲ್ಲ."